ಹೊಗೆ ಹಿಡಿದ ಮಾಲು

"ನಮ್ಮವ್ವನ ಕೊಬ್ಬರಿಗೆ ಹೊಗೆ ಹಿಡಿದೈತೆ ಅಂತ ವಾಪಸ್ ಕಳ್ಸಿದ್ದು ನೀವೇನಾ?"

ಮಾತಿನ ಹಿಂದೆಯೇ ಧೊಪ್ಪೆಂದು ಒಂದು ಚೀಲ ಬಿತ್ತು. ನಿಸರ್ಗ ತಲೆ ಎತ್ತಿದಳು.

ಎದುರಿಗೆ ನಿಂತಿದ್ದವನ ಅಂಗಿಯ ತೋಳು ಮೊಣಕೈವರೆಗೆ ಮಡಚಿತ್ತು. ಕಣ್ಣಲ್ಲಿ ಸಿಟ್ಟಿತ್ತು. ಅವನ ಬೆನ್ನ ಹಿಂದೆ, ಸೆರಗು ಹೊದ್ದುಕೊಂಡ ಪುಟ್ಟಗಂಗಮ್ಮ "ಬುಡ್ಲಾ ಸೂರ್ಯ, ಜಗಳ ಯಾಕೆ" ಎಂದು ಅವನ ಅಂಗಿ ಜಗ್ಗುತ್ತಿದ್ದರು.

"ನಾನೇ. ಯಾಕೆ?" ಎಂದಳು ನಿಸರ್ಗ.

ತಿಪಟೂರಿನ ಮಾರುಕಟ್ಟೆಯಲ್ಲಿ ತೋಂಟದಾರ್ಯರ ಮಂಡಿ ಅಂದರೆ ಹೆಸರಿದ್ದ ಮಂಡಿ. ಅಲ್ಲಿ ಕೊಬ್ಬರಿಗೆ ದರ್ಜೆ ಹೇಳುವವಳು ಅವರ ಒಬ್ಬಳೇ ಮಗಳು ನಿಸರ್ಗ. ಉಂಡೆ ಕೊಬ್ಬರಿಯನ್ನು ಒಡೆಯಬೇಕು, ಮೂಸಬೇಕು, ಚೂರು ಅಗಿಯಬೇಕು, ಪಕ್ಕದ ತಗಡಿನ ಡಬ್ಬಿಗೆ ಉಗುಳಬೇಕು. ದಿನವಿಡೀ ನುಂಗುತ್ತಾ ಕೂತರೆ ಹೊಟ್ಟೆಯ ಗತಿ ಏನು! ಅವಳ ತಾತನೂ ಹಾಗೇ ಉಗುಳಿದವರು, ಅಪ್ಪನೂ ಹಾಗೇ. ಒಡೆದು ಅಗಿಯದೆ ದರ್ಜೆ ಹೇಳಬಾರದು ಅನ್ನುವುದು ಆ ಮಂಡಿಯ ಏಕೈಕ ಕಾನೂನು.

"ಎಲ್ಲೈತೆ ಹೊಗೆ? ತೋರಿಸ್ರೀ ನೋಡನ!"

"ಹೊಗೆ ತೋರ್ಸಕ್ಕಾಗಲ್ಲ. ಮೂಸ್ಬೇಕು." ಅವಳು ಚೀಲದಿಂದ ಒಂದು ಉಂಡೆ ತೆಗೆದು, ಒಡೆದು, ಅರ್ಧ ಹೋಳು ಅವನ ಮುಂದೆ ಹಿಡಿದಳು. "ತಗೊಳ್ಳಿ. ಮೂಗು ಇದೆಯಲ್ಲ?"

ಸುತ್ತಲಿದ್ದವರು ನಕ್ಕರು. ಅವನು ಹೋಳನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಮೂಗಿಗೆ ಹಿಡಿದ. ಕಣ್ಣು ಮುಚ್ಚಿದ...

ವಿಚಿತ್ರ! ಅವನ ಮುಖದ ಸಿಟ್ಟೆಲ್ಲ ಇಳಿದುಹೋಯಿತು.

"ಚಿಪ್ಪಿನ ಹೊಗೆ ಅಲ್ಲ ಇದು," ಎಂದ ಮೆಲ್ಲಗೆ. "ಮಟ್ಟೆದು. ಅದೂ ಒದ್ದೆ ಮಟ್ಟೆ. ಅವ್ವಾ, ಮಳೇಲಿ ನೆಂದಿದ್ದ ಮಟ್ಟೆನ ಅಟ್ಟದ ಕೆಳಗೆ ಉರಿಸಿದ್ಯಾ?"

ಪುಟ್ಟಗಂಗಮ್ಮ ಸೆರಗು ಬಾಯಿಗೆ ಹಿಡಿದುಕೊಂಡರು. "ಜಡಿ ಹಿಡ್ಕಂಡಿತ್ತು ಕಣ್ಲಾ... ಅಟ್ಟದ ಕಾಯಿ ಬೂಸ್ಟು ಬಂದಾವು ಅಂತ..."

ನಿಸರ್ಗ ಬೆರಗಾದಳು. ಹೊಗೆ ಇದೆಯೋ ಇಲ್ಲವೋ ಹೇಳುವವರು ಊರಲ್ಲಿ ಬೇಕಾದಷ್ಟು ಜನರಿದ್ದಾರೆ. ಯಾವುದರ ಹೊಗೆ ಅಂತ ಬಿಡಿಸಿ ಹೇಳಿದವನನ್ನು ಅವಳು ನೋಡಿದ್ದು ಇದೇ ಮೊದಲು.

"ನೀವೇನು ಕೆಲಸ ಮಾಡ್ಕೊಂಡಿದ್ದೀರಿ?"

"ಹೊಗೆ ಕೆಲಸಾನೇ."

"ಅಂದ್ರೆ... ಫೈರ್ ಇಂಜಿನ್ನಾ?"

"ಅಲ್ಲ ಕಣ್ರೀ." ಅವನು ಮೊದಲ ಸಲ ನಕ್ಕ. "ವಿಸ್ಕಿ. ಸಿಂಗಲ್ ಮಾಲ್ಟ್ ವಿಸ್ಕಿ ಮಾಡ್ತೀನಿ. ಹೊಗೆಯಾಡಿಸಿದ್ದು."

ದಿಂಬಿಗೆ ಒರಗಿ ಕೂತಿದ್ದ ತೋಂಟದಾರ್ಯರು ಜೋರಾಗಿ ಕೆಮ್ಮಿದರು. ತಮ್ಮ ಹಣೆಯ ವಿಭೂತಿ ಕಂಡೂ ಆ ಮಾತು ಆಡುವ ಧೈರ್ಯವೇ ಇವನಿಗೆ!

ನಿಸರ್ಗಳಿಗೆ ಮಾತ್ರ ನಗು ತಡೆಯಲಾಗಲಿಲ್ಲ.

* * *

ಅಂದಿನಿಂದ ಸೂರ್ಯಪ್ರಕಾಶನಿಗೆ ತಾಯಿಯ ಮೇಲೆ ಎಲ್ಲಿಲ್ಲದ ಅಕ್ಕರೆ ಬಂತು. ತುಮಕೂರಿನ ಆಚೆಗಿದ್ದ ವಿಸ್ಕಿ ಕಾರ್ಖಾನೆಯಿಂದ ರಜೆ ಸಿಕ್ಕಾಗಲೆಲ್ಲ ತನ್ನೂರು ದಂಡಿನಶಿವರಕ್ಕೆ ಬರುವುದು, ಇದ್ದಬದ್ದ ಕೊಬ್ಬರಿಯನ್ನು ಚೀಲಕ್ಕೆ ತುಂಬುವುದು, ತಿಪಟೂರಿಗೆ ಹೊತ್ತು ತರುವುದು.

"ಮೊದ್ಲು ಬಾರಪ್ಪಾ ಅಂತ ಕಾಲಿಗೆ ಬಿದ್ರೂ ಬತ್ತಿರ್ಲಿಲ್ಲ," ಎಂದು ಪುಟ್ಟಗಂಗಮ್ಮ ನಿಸರ್ಗಳ ಎದುರೇ ಹೇಳಿಬಿಟ್ಟರು. "ಈಗ ಅರ್ಧ ಚೀಲ ಆದ್ರೂ ಸಾಕು, ನಡಿಯವ್ವ ಅಂತಾನೆ!"

"ಅವ್ವಾ!" ಎಂದು ಅವನು ಹಲ್ಲು ಕಚ್ಚಿದ.

ಒಂದು ದಿನ ಅವನು ಕಾಗದದ ಪೊಟ್ಟಣ ತಂದ. "ಹೆದರ್ಕೋಬೇಡಿ. ಬರೀ ಬಾರ್ಲಿ, ವಿಸ್ಕಿ ಆಗೋಕೆ ಮುಂಚಿನದು. ಮೊಳಕೆ ಬರಿಸಿ, ಪೀಟ್ ಹೊಗೇಲಿ ಒಣಗಿಸಿರೋದು."

"ಪೀಟ್ ಅಂದ್ರೆ?"

"ಜೌಗು ನೆಲದಲ್ಲಿ ಗಿಡ, ಪಾಚಿ ಎಲ್ಲ ಸಾವಿರಾರು ವರ್ಷ ಕೊಳೆತು ಆಗಿರೋ ಮಣ್ಣು. ಅದನ್ನ ಇಟ್ಟಿಗೆ ಥರ ಕೊಯ್ದು, ಒಣಗಿಸಿ, ಉರಿಸ್ತಾರೆ. ನಮ್ಮ ದೇಶದ್ದಲ್ಲ, ಸ್ಕಾಟ್ಲೆಂಡಿಂದ ಬರೋದು. ಮೂಸಿ ಹೇಳಿ."

ಅವಳು ಕಾಳುಗಳನ್ನು ಅಂಗೈಯಲ್ಲಿ ಉಜ್ಜಿ ಮೂಸಿದಳು. "ಬೇಸಿಗೇಲಿ ಬತ್ತಿದ ಕೆರೆ ಅಂಗಳ... ಅಲ್ಲಿ ಯಾರೋ ಬೆಂಕಿ ಹಾಕಿ ಹೋಗಿದ್ದಾರೆ. ಬೆಂಕಿ ಆರಿದೆ. ಮಣ್ಣು ಇನ್ನೂ ಬಿಸಿಯಾಗಿದೆ."

ಸೂರ್ಯಪ್ರಕಾಶ ಅವಳನ್ನೇ ನೋಡುತ್ತಾ ನಿಂತ. ತನ್ನ ಕೆಲಸವನ್ನು ತನಗೇ ಯಾರಾದರೂ ಇಷ್ಟು ಚೆನ್ನಾಗಿ ಹೇಳಿದ್ದರೇ?

ರಾತ್ರಿ ಊಟಕ್ಕೆ ಕೂತಾಗ ತೋಂಟದಾರ್ಯರು ತಟ್ಟೆಯ ಮೇಲಿನ ಕಣ್ಣು ಎತ್ತದೆ ಹೇಳಿದರು. "ಹುಡುಗ ಒಳ್ಳೆಯೋನೇ. ಆದ್ರೆ ಅವನ ಕೈಯಲ್ಲಿರೋದು ನಮ್ಮ ಹೊಸಿಲು ದಾಟಂಗಿಲ್ಲ ಕಣಮ್ಮ."

"ಗೊತ್ತು ಅಪ್ಪಾಜಿ."

"ನಮ್ಮೋರೂ ಅಲ್ಲ. ಜನ ಮಾತಾಡ್ತಾರೆ."

"ಮಾತಾಡ್ಲಿ ಬಿಡಿ. ಮಾತಾಡೋಕೆ ಏನಿದೆ ಈಗ?" ಎಂದಳು. ಆದರೆ ಅನ್ನ ಕಲೆಸುತ್ತಿದ್ದ ಬೆರಳಿಗೆ ಇನ್ನೂ ಆ ಬಾರ್ಲಿಯ ವಾಸನೆ ಅಂಟಿಕೊಂಡಿತ್ತು. ಅವಳು ಎರಡು ಸಲ ಕೈ ತೊಳೆದಿದ್ದಳು... ಮೂರನೆಯ ಸಲ ತೊಳೆಯಲು ಮನಸ್ಸಾಗಿರಲಿಲ್ಲ.

* * *

ಎಡವಟ್ಟಾಗಿದ್ದು ಕಾರ್ಖಾನೆಯಲ್ಲಿ.

"ನನ್ನ ಪೀಪಾಯಿಯನ್ನ ಒಮ್ಮೆ ನೋಡಿ. ನಿಮ್ಮ ಮೂಗಿಗೆ ಏನನ್ಸುತ್ತೆ ತಿಳ್ಕೋಬೇಕು," ಎಂದು ಅವನು ಕರೆದಿದ್ದ. ನಿಸರ್ಗ ಕದ್ದು ಹೋಗುವವಳಲ್ಲ. ಅಪ್ಪನಿಗೆ ಹೇಳಿಯೇ ಹೋದಳು. "ಬರೀ ಮೂಸ್ತೀನಿ ಅಪ್ಪಾಜಿ. ತುಟಿಗೆ ತಾಗಿಸಲ್ಲ."

ಪೀಪಾಯಿಗಳ ಕೋಣೆ ತಂಪಾಗಿ, ಅರೆಗತ್ತಲೆಯಾಗಿತ್ತು. ಸೂರ್ಯಪ್ರಕಾಶ ಒಂದು ಪೀಪಾಯಿಯ ಬೆಣೆ ತೆಗೆದು, ಉದ್ದನೆಯ ಕೊಳವೆಯಿಂದ ಸ್ವಲ್ಪವೇ ಎತ್ತಿ ಗಾಜಿನ ಲೋಟಕ್ಕೆ ಬಿಟ್ಟ.  ಪಕ್ಕದಲ್ಲಿ ಅವನ ಮ್ಯಾನೇಜರ್ ಶ್ರೀನಿವಾಸ್ ಕೈಕಟ್ಟಿ ನಿಂತಿದ್ದರು.

"ಮೂರು ವರ್ಷದ್ದು. ಇನ್ನೂ ಎಳೇದು," ಎಂದ.

ಅವಳು ಲೋಟವನ್ನು ಮೂಗಿನ ಬಳಿ ತಂದಳು.

ಅಬ್ಬಾ! ಹೊಗೆ ನೇರ ಎದೆಗೇ ಬಂದು ಬಡಿಯಿತು. ಕಣ್ಣಂಚು ತೇವವಾಯಿತು. ಎಲ್ಲೋ ಮೂಸಿದ್ದೇನೆ ಇದನ್ನು... ತೀರಾ ಹತ್ತಿರದ್ದು... ಯಾವುದು? ಮನಸ್ಸು ಅದನ್ನು ಹುಡುಕುತ್ತಿರುವಾಗಲೇ ಮಂಡಿಯ ನಾಲಿಗೆ ಮುಂದೆ ಓಡಿಬಿಟ್ಟಿತು.

"ಹೊಗೆ ಹಿಡಿದಿದೆ! ನಮ್ಮ ಮಂಡಿಗೆ ಬಂದಿದ್ರೆ ವಾಪಸ್ ಕಳಿಸ್ತಿದ್ದೆ."

ಅವನು ನಗುತ್ತಾನೆ, ಮೊದಲ ದಿನದ ಜಗಳ ನೆನೆದು ಏನಾದರೂ ತಿರುಗಿ ಹೇಳುತ್ತಾನೆ ಅಂದುಕೊಂಡಿದ್ದಳು.

ನಕ್ಕವರು ಶ್ರೀನಿವಾಸ್. "ಕೇಳಿದ್ಯೇನಪ್ಪಾ ಸೂರ್ಯ? ನಾನು ಬಡ್ಕೊಂಡಿದ್ದೂ ಇದನ್ನೇ! ಇಷ್ಟು ಹೊಗೆ ಯಾರು ಕುಡೀತಾರೆ? ತಿಪಟೂರಿನ ಮೂಗೇ ಬೇಡ ಅಂತು. ಮಿಕ್ಕ ಪೀಪಾಯಿಗಳ ಜೊತೆ ಬೆರೆಸಿ ಮುಗಿಸೋಣ."

ಸೂರ್ಯಪ್ರಕಾಶ ಅವರ ಕಡೆ ತಿರುಗಲೇ ಇಲ್ಲ. ನಿಸರ್ಗಳನ್ನೇ ನೋಡಿದ. "ನಿಮಗೆ ನಿಜವಾಗ್ಲೂ ಹಂಗೇ ಅನ್ನಿಸ್ತಾ?"

ಹೇಳಿದ ದರ್ಜೆಯನ್ನು ಅವಳು ಯಾವತ್ತೂ ಹಿಂದಕ್ಕೆ ತೆಗೆದುಕೊಂಡವಳಲ್ಲ. ಮೂರನೆಯವರ ಮುಂದಂತೂ ಇಲ್ಲವೇ ಇಲ್ಲ. "ನನ್ನ ಮೂಗು ಸುಳ್ಳು ಹೇಳಲ್ಲ," ಎಂದಳು ಗತ್ತಿನಿಂದ.

"ಸರಿ," ಎಂದ ಅವನು.

ಅಷ್ಟೇ. ಆ ಒಂದು 'ಸರಿ'ಯನ್ನು ಹೊತ್ತುಕೊಂಡು ಅವಳು ಊರಿಗೆ ಬಂದಳು.

* * *

ಕೊಬ್ಬರಿ ಹರಾಜಿನ ದಿನಗಳು ಬಂದವು, ಹೋದವು. ಸೂರ್ಯಪ್ರಕಾಶ ಬರಲಿಲ್ಲ. ಫೋನ್ ಮಾಡಿದರೆ, "ಕೆಲಸದಲ್ಲಿದ್ದೀನಿ, ಆಮೇಲೆ ಮಾತಾಡ್ತೀನಿ" ಎನ್ನುವನು. ಆ 'ಆಮೇಲೆ' ಬರುತ್ತಲೇ ಇರಲಿಲ್ಲ.

ಇಷ್ಟು ಸಣ್ಣ ಮಾತಿಗೆ ಇಷ್ಟು ದೊಡ್ಡ ಸಿಟ್ಟೇ? ಹೋಗಲಿ ಬಿಡು! ಎಂದು ಅವಳೂ ಬೀಗಿಕೊಂಡಳು. ಆದರೆ ಬಾಗಿಲಲ್ಲಿ ಯಾರಾದರೂ ಚೀಲ ಇಳಿಸಿದ ಸದ್ದಾದರೆ ಸಾಕು, ಕತ್ತು ತಾನಾಗಿಯೇ ಆ ಕಡೆ ತಿರುಗುತ್ತಿತ್ತು.

ಒಂದು ಶನಿವಾರ ಪುಟ್ಟಗಂಗಮ್ಮ ಒಬ್ಬರೇ ಬಂದರು.

"ಮಗ ಬರ್ಲಿಲ್ವಾ?" ಎಂದಳು ನಿಸರ್ಗ, ಕೊಬ್ಬರಿ ನೋಡುತ್ತಲೇ.

"ಬಂದವ್ನೆ, ಮನೇಲೇ ಅವ್ನೆ. ಬಾ ಅಂದ್ರೆ ಬರ್ಲಿಲ್ಲ. ಮಂಕು ಬಡಿದೋನಂಗೆ ಆಗವ್ನೆ ಕಣವ್ವ." ಪುಟ್ಟಗಂಗಮ್ಮ ಅವಳ ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತರು. "ಅದೇನೋ ಪೀಪಾಯಿ ಅಂತೆ, ಮೂರು ವರ್ಷ ಮಗೀನಂಗೆ ಸಾಕಿದ್ದ. ಸೋಮವಾರ ಅದನ್ನ ಇನ್ನೊಂದ್ರಾಗೆ ಸುರಿದುಬಿಡ್ತಾರಂತೆ. ನೆನಪಿಗೆ ಅಂತ ಒಂದು ಸೀಸೇಲಿ ಚೂರು ತಂದು ಇಟ್ಕಂಡವ್ನೆ. ಯಾಕ್ಲಾ, ಬ್ಯಾಡ ಅನ್ನು ಅಂದ್ರೆ, 'ಗೊತ್ತಿರೋರೇ ಬ್ಯಾಡ ಅಂದವ್ರೆ ಬುಡವ್ವ' ಅಂತಾನೆ. ಯಾವ ಗೊತ್ತಿರೋರೋ, ಅವರ ಬಾಯಿಗೆ ಬೂದಿ ಬೀಳ!"

ನಿಸರ್ಗಳ ಕೈಯಲ್ಲಿದ್ದ ಉಂಡೆ ಅಲ್ಲೇ ನಿಂತಿತು.

ನಾನೇ... ಆ ಗೊತ್ತಿರೋರು ನಾನೇ!

 ಏನೋ ಒಂದು ಹೇಳಬೇಕೆಂದು ಬಾಯಿ ತೆರೆದರೆ, "ಎರಡನೇ ದರ್ಜೆ" ಎಂಬ ಮಾತು ಹೊರಬಂತು.

"ಏಯ್ ನಿಸರ್ಗ!" ಹಿಂದಿನಿಂದ ತೋಂಟದಾರ್ಯರು ಗದರಿದರು. "ಉಂಡೆ ಇಡಿಯಾಗೇ ಕೈಯಲ್ಲೈತೆ. ಒಡೀಲಿಲ್ಲ, ಅಗೀಲಿಲ್ಲ, ದರ್ಜೆ ಹೇಳಿಬಿಟ್ಯಲ್ಲೇ! ಏನು ಬಂದೈತೆ ನಿಂಗೆ?"

ಅವಳು ಕೈಯಲ್ಲಿದ್ದ ಉಂಡೆಯನ್ನು ನೋಡಿದಳು. 

ಆಮೇಲೆ ಎದ್ದು ಬಂದು ಅಪ್ಪನ ಮುಂದೆ ಕೂತಳು. "ಅಪ್ಪಾಜಿ, ಇನ್ನೊಂದು ಮಾಲಿಗೂ ನಾನು ಒಡೆಯದೆ ದರ್ಜೆ ಹೇಳಿದ್ದೀನಿ. ಬರೀ ಮೂಸಿ, ಬಾಯಿಗೆ ಬಂದಿದ್ದು ಹೇಳಿಬಿಟ್ಟೆ. ಅದರಿಂದ ಒಬ್ಬರ ಮೂರು ವರ್ಷದ ಕೆಲಸ ನೀರು ಪಾಲಾಗ್ತಾ ಇದೆ."

"ಯಾರ ಮಾಲು?"

"ಸೂರ್ಯಪ್ರಕಾಶ್ ಅವರ್ದು."

ತೋಂಟದಾರ್ಯರು ದಿಂಬು ಬಿಟ್ಟು ನೆಟ್ಟಗೆ ಕೂತರು. 

"ಅದನ್ನ ಒಡೆಯೋದು ಅಂದ್ರೆ..."

"ನಾಲಿಗೆ ಮೇಲೆ ಇಟ್ಕೋಬೇಕು. ಉಗುಳ್ಬೇಕು. ಆ ಕೆಲಸದೋರೂ ಉಗುಳ್ತಾರಂತೆ ಅಪ್ಪಾಜಿ, ಥೇಟ್ ನಮ್ಮಂಗೇ. ನಿಮ್ಮನ್ನ ಕೇಳದೆ ಮಾಡಲ್ಲ. ಆದ್ರೆ ಮಾಡದೆ ಇದ್ರೆ ಈ ಜಾಗದಲ್ಲಿ ಕೂತು ಇನ್ಯಾರ ಮಾಲಿಗೂ ದರ್ಜೆ ಹೇಳೋ ಮುಖ ನಂಗಿಲ್ಲ."

ಅಪ್ಪನ ನೋಟ ಮಗಳ ಜಾಗದ ಪಕ್ಕದಲ್ಲಿದ್ದ ತಗಡಿನ ಡಬ್ಬಿಯ ಮೇಲೆ ಹೋಗಿ ನಿಂತಿತು. ಅದು ಅವರಪ್ಪನ ಕಾಲದ್ದು.

"ಒಂದು ಹನಿ ಗಂಟಲು ಇಳೀಬಾರದು," ಎಂದರು ಕೊನೆಗೆ.

"ಇಳಿಯಲ್ಲ. ಇನ್ನೊಂದು ಮಾತು ಅಪ್ಪಾಜಿ. ಮಾಲು ಹೆಂಗೇ ಇರ್ಲಿ... ಮಾಲಿನೋರನ್ನ ನಾನು ಒಪ್ಕೊಂಡಾಗಿದೆ."

ತೋಂಟದಾರ್ಯರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು. "ಅದನ್ನ ಬಾಯಿಗೆ ಹಾಕ್ಕೊಂಡ ಮೇಲೆ ಉಗುಳೋಕಾಗಲ್ಲ ಕಣಮ್ಮ. ನೋಡ್ಕೊ."

"ನೋಡ್ಕೊಂಡೇ ಹೇಳ್ತಿದ್ದೀನಿ."

"ಹೂಂ... ನಾಳೆ ನಾನೂ ಬತ್ತೀನಿ. ಹೆಂಗೂ ಪುಟ್ಟಗಂಗಮ್ಮನ ಅಟ್ಟ ನೋಡೋದೈತೆ."

ಪುಟ್ಟಗಂಗಮ್ಮ ಇಬ್ಬರನ್ನೂ ಮಿಕಿಮಿಕಿ ನೋಡಿದರು. ತಾವು ಬೂದಿ ಬೀಳಲಿ ಎಂದು ಹರಸಿದ್ದು ಯಾರ ಬಾಯಿಗೆ ಅನ್ನುವುದು ಆಗ ಅವರಿಗೆ ಹೊಳೆಯಿತು!

* * *

ಭಾನುವಾರ ಬೆಳಿಗ್ಗೆ ದಂಡಿನಶಿವರದ ಮನೆಯ ಮುಂದೆ ಕಾರು ನಿಂತಾಗ ಸೂರ್ಯಪ್ರಕಾಶ ಜಗಲಿಯಲ್ಲೇ ಕೂತಿದ್ದ. ನಿಸರ್ಗ ಇಳಿದಳು. ಅವಳ ಕೈಯಲ್ಲಿ ಮಂಡಿಯ ತಗಡಿನ ಡಬ್ಬಿ!

"ಅಟ್ಟ ತೋರಿಸ್ತೀನಿ ಬನ್ನಿ ಸಾವ್ಕಾರ್ರೇ," ಎಂದು ಪುಟ್ಟಗಂಗಮ್ಮ ತೋಂಟದಾರ್ಯರನ್ನು ಒಳಗೆ ಕರೆದುಕೊಂಡು ಹೋದರು. ಹೋಗುತ್ತಾ ಮಗನಿಗೆ ಕಣ್ಣಲ್ಲೇ ಏನೋ ಹೇಳಿದರು.

"ಇದ್ಯಾಕೆ ಡಬ್ಬಿ?" ಎಂದ ಅವನು.

"ನಿಮ್ಮ ಮಾಲು ತೆಗೀರಿ. ಆವತ್ತು ಒಡೀದೆ ದರ್ಜೆ ಹೇಳಿದ್ದೆ. ತಪ್ಪಾಯ್ತು. ಇವತ್ತು ಒಡೀತೀನಿ."

"ಬೇಡ ಬಿಡಿ. ನನ್ನನ್ನ ಸಮಾಧಾನ ಮಾಡೋಕೆ..."

"ಸಮಾಧಾನ ಮಾಡೋಕೆ ನಾನು ಯಾರಿಗೂ ದರ್ಜೆ ಹೇಳಲ್ಲ. ಕೆಟ್ಟಿದ್ರೆ ಕೆಟ್ಟಿದೆ ಅಂತ್ಲೇ ಹೇಳ್ತೀನಿ. ತೆಗೀರಿ."

ಅವನು ಒಳಗೆ ಹೋಗಿ ಒಂದು ಪುಟ್ಟ ಬಾಟಲಿ, ಗಾಜಿನ ಲೋಟ ತಂದು, ಒಂದು ಗುಟುಕಿನಷ್ಟು ಬಗ್ಗಿಸಿದ. ಪೀಪಾಯಿಯ ನೆನಪಿಗೆಂದು ಎತ್ತಿಟ್ಟುಕೊಂಡಿದ್ದು.

ಅವಳು ಲೋಟವನ್ನು ಬಿಸಿಲಿಗೆ ಹಿಡಿದಳು. ಒಣಹುಲ್ಲಿನ ತಿಳಿ ಬಣ್ಣ. ಮೂಸಿದಳು. ಮತ್ತೆ ಅದೇ ಹೊಗೆ... ಆದರೆ ಈ ಸಲ ಅವಳು ಅವಸರ ಮಾಡಲಿಲ್ಲ. ಕಾದಳು. ಹೊಗೆ ಸ್ವಲ್ಪ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

"ಹೊಗೆ ಹಿಂದೆ ನಿಂಬೆ ಎಲೆ ಇದೆ. ಕೈಯಲ್ಲಿ ಹಿಚುಕಿದಂಗೆ."

"ಎರಡು ಹನಿ ನೀರು ಹಾಕ್ಲಾ? ಇನ್ನೂ ಬಿಚ್ಕೊಳ್ಳುತ್ತೆ." ಅವನ ದನಿಗೆ ಜೀವ ಬಂದಿತ್ತು. ಬಿಂದಿಗೆಯಿಂದ ಬೆರಳ ತುದಿಯಲ್ಲಿ ಹನಿಸಿದ.

ಅವಳು ಅಷ್ಟನ್ನೂ ನಾಲಿಗೆಯ ಮೇಲೆ ಇಟ್ಟುಕೊಂಡಳು. ಮೊದಲು ಉರಿ! ಕಣ್ಣು ತಾನಾಗಿಯೇ ಮುಚ್ಚಿತು. ಕೊಬ್ಬರಿಯಂತೆ ಅದನ್ನು ಬಾಯಲ್ಲಿ ಆಡಿಸಿದಳು. ಉರಿಯ ಬೆನ್ನಿಗೆ ಸಿಹಿ ಬಂತು, ಒಲೆಯ ಕೆಂಡದಲ್ಲಿ ಸುಟ್ಟ ಕೊಬ್ಬರಿಗೆ ಬೆಲ್ಲ ಇಟ್ಟು ತಿಂದ ಹಾಗೆ. ಚೂರು ಎಣ್ಣೆಯ ನುಣುಪು. ಚೂರು ಉಪ್ಪು. ಆಮೇಲೆ ಹೊಗೆ, ಬಾಯಿ ತುಂಬಾ.

ಡಬ್ಬಿಗೆ ಉಗುಳಿದಳು. ಉಗುಳಿದ ಮೇಲೂ ಅದು ಹೋಗಲಿಲ್ಲ. ಗಂಟಲಿನ ಹತ್ತಿರವೇ ಕೂತಿತ್ತು. ನಿಧಾನವಾಗಿ ಆರುತ್ತಾ, ಒಣಗುತ್ತಾ, ಕೊನೆಗೆ...

ಅವಳ ಕಣ್ಣು ಫಕ್ಕನೆ ತೆರೆಯಿತು. ಸಿಕ್ಕಿಬಿಟ್ಟಿತು!

"ಏನು? ಏನಾಯ್ತು?"

ಅವಳು ಅಟ್ಟದ ಕಡೆ ಒಮ್ಮೆ ನೋಡಿ, ಪಿಸುಗುಟ್ಟಿದಳು. "ಕೊನೆಗೆ ಉಳಿಯೋದು... ವಿಭೂತಿ. ಬೆಳಿಗ್ಗೆ ಅಪ್ಪಾಜಿ ಪೂಜೆಗೆ ಕೂತಾಗ ಅವರ ಮಗ್ಗುಲಲ್ಲಿ ಬರುತ್ತಲ್ಲ, ಆ ವಾಸನೆ. ಚಿಕ್ಕಂದಿನಿಂದ ನಂಗೆ ಧೈರ್ಯ ಬರೋದೇ ಅದರಿಂದ. ಆವತ್ತೂ ಇದನ್ನೇ ಹುಡುಕ್ತಿದ್ದೆ, ಸಿಗೋಕೆ ಮುಂಚೆ ಬಾಯಿ ಬಿಟ್ಟುಬಿಟ್ಟೆ. ಅವರ ಮುಂದೆ ಮಾತ್ರ ಹೇಳ್ಬೇಡಿ, ನನ್ನ ಚರ್ಮ ಸುಲೀತಾರೆ!"

ಸೂರ್ಯಪ್ರಕಾಶನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

"ಎಳೇದು," ಎಂದಳು ದನಿ ಎತ್ತರಿಸಿ. "ಜಗಳಗಂಟಿ. ಆದ್ರೆ ಒಳಗೆ ಒಂದು ಕಪಟ ಇಲ್ಲ. ಇನ್ನೂ ಇಟ್ರೆ ಏನಾಗುತ್ತೆ?"

"ಹೊಗೆ ಮೆಲ್ಲಗೆ ಇಳಿಯುತ್ತೆ. ಮರದ ರುಚಿ ಬರುತ್ತೆ. ಅದೂ ಚೆನ್ನಾಗಿರುತ್ತೆ. ಆದ್ರೆ ಈ ಬೆಂಕಿ ಈ ವಯಸ್ಸಲ್ಲಿ ಮಾತ್ರ."

"ಹಂಗಾದ್ರೆ ಕಾಯೋದೇನಕ್ಕೆ? ಮೊದಲನೇ ದರ್ಜೆ! ನಿಮ್ಮ ಮ್ಯಾನೇಜರ್‌ಗೆ ಫೋನ್ ಹಚ್ಚಿ."

"ಈಗ್ಲೇ?"

"ಈಗ್ಲೇ. ನಾಳೆ ಸುರಿದ ಮೇಲೆ ಯಾರು ಬೇರೆ ಮಾಡ್ತಾರೆ?"

ಫೋನು ಅವಳೇ ತೆಗೆದುಕೊಂಡಳು. "ಸಾರ್, ನಾನು ನಿಸರ್ಗ. ತಿಪಟೂರಿನ ಮೂಗು. ಆವತ್ತು ಬರೀ ಮೂಗು ಮಾತ್ರ ಮಾತಾಡಿತ್ತು ಸಾರ್, ಇವತ್ತು ನಾಲಿಗೆ ಮಾತಾಡ್ತಿದೆ. ನಾನು ಹೇಳಿದ್ದು ತಪ್ಪು. ಅದನ್ನ ಬೆರೆಸ್ಬೇಡಿ."

ಆ ಕಡೆಯಿಂದ ಶ್ರೀನಿವಾಸ್ ಗೊಣಗಿದರು, ತಕರಾರು ತೆಗೆದರು, ಕೊನೆಗೆ ನಕ್ಕರು. "ತಪ್ಪು ಅಂತ ಫೋನ್ ಮಾಡಿ ಹೇಳೋರನ್ನ ಇವತ್ತೇ ನೋಡಿದ್ದು ಮೇಡಂ. ಆಯ್ತು, ಆ ಒಂದು ಪೀಪಾಯಿಯನ್ನ ಬೇರೆಯಾಗೇ ಬಾಟಲಿಗೆ ಇಳಿಸೋಣ. ಆದ್ರೆ ಮಾರಾಟ ಆಗ್ಲಿಲ್ಲ ಅಂದ್ರೆ ನಿಮ್ಮನ್ನೇ ಹಿಡ್ಕೋತೀನಿ!"

"ಹಿಡ್ಕೊಳ್ಳಿ ಸಾರ್," ಎಂದು ಅವಳು ಫೋನು ಹಿಂದಿರುಗಿಸಿದಳು.

ಸೂರ್ಯಪ್ರಕಾಶ ಅದನ್ನು ತೆಗೆದುಕೊಳ್ಳುವುದನ್ನೂ ಮರೆತು ನಿಂತಿದ್ದ. "ನಾನು ಮುಖ ತಪ್ಪಿಸಿದ್ದು ಪೀಪಾಯಿಗೋಸ್ಕರ ಅಲ್ಲ," ಎಂದ.

"ಮತ್ತೆ?"

"ನನ್ನ ಅಂಗಿ, ಕೂದಲು, ಕೈ... ಎಲ್ಲಾ ಅದೇ ವಾಸನೆ. ಎಷ್ಟು ತೊಳೆದರೂ ಹೋಗಲ್ಲ. ಇದು ನಿಮ್ಮ ಹೊಸಿಲು ದಾಟೋ ಮಾಲಲ್ಲ, ಮನೆ ಹತ್ರ ಹೋಗಿ ಕೇಳೋದು ಹೆಂಗೆ ಅಂತ ಮೊದ್ಲೇ ಅಳುಕಿತ್ತು. ನೀವು ವಾಪಸ್ ಅಂದಾಗ... ನನ್ನನ್ನೇ ವಾಪಸ್ ಕಳಿಸಿದಂಗೆ ಆಯ್ತು."

 ನಿಸರ್ಗ ಅವನ ಕೈ ಹಿಡಿದು, ಮಡಚಿದ ತೋಳಿನ ಬಳಿ ಮೂಗು ತಂದು, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು.

"ಹೂಂ. ಹೊಗೆ ಹಿಡಿದಿದೆ."

"ವಾಪಸ್ಸಾ?"

"ಯಾರಿಗೆ ಕೊಡ್ಲಿ ವಾಪಸ್? ನನ್ನ ಹತ್ರಾನೇ ಇರ್ಲಿ."

ಅಷ್ಟರಲ್ಲಿ ಅಟ್ಟದ ಏಣಿ ಕಿರುಗುಟ್ಟಿತು. ಅವಳು ಕೈ ಬಿಡಲಿಲ್ಲ. ತೋಂಟದಾರ್ಯರು ಮೈಮೇಲಿನ ಧೂಳು ಕೊಡವುತ್ತಾ ಜಗಲಿಗೆ ಬಂದವರು, ಹೆಣೆದುಕೊಂಡ ಆ ಕೈಗಳನ್ನೂ ನೋಡಿದರು, ಡಬ್ಬಿಯನ್ನೂ ನೋಡಿದರು.

"ಅಟ್ಟದ್ದು ಈ ಸಲ ಪಸಂದಾಗೈತೆ. ನಿಂದೇನಾಯ್ತಮ್ಮ?"

"ಮೊದಲನೇ ದರ್ಜೆ ಅಪ್ಪಾಜಿ."

"ಉಗುಳಿದ್ಯಾ?"

"ಉಗುಳಿದೆ." ಅವಳು ಪಕ್ಕದಲ್ಲಿದ್ದವನ ಕಡೆ ನೋಡಿ ನಕ್ಕಳು. "ಇದನ್ನ ಮಾತ್ರ ಉಗುಳಲ್ಲ."

"ಬನ್ರವ್ವಾ ಒಳಕ್ಕೆ, ಮೊದ್ಲು ಬಾಯಿ ಸಿಹಿ ಮಾಡ್ಕಳಿ," ಎಂದು ಪುಟ್ಟಗಂಗಮ್ಮ ಮಗನನ್ನೂ ಸೊಸೆಯಾಗುವವಳನ್ನೂ ಒಟ್ಟಿಗೇ ಎಳೆದುಕೊಂಡು ಹೋದರು.

ಜಗಲಿಯಲ್ಲಿ ತೋಂಟದಾರ್ಯರು ಒಬ್ಬರೇ ಉಳಿದರು. ಲೋಟ ಖಾಲಿಯಾಗಿ, ಬಿಸಿಲಿಗೆ ತಳ ಒಣಗಿ ಅಲ್ಲೇ ಇತ್ತು. ಅವರು ಬಾಗಿಲ ಕಡೆ ನೋಡಿದರು. ಬೀದಿಯ ಕಡೆ ನೋಡಿದರು. ನಿಧಾನವಾಗಿ ಲೋಟವನ್ನೆತ್ತಿ ಮೂಗಿನ ಬಳಿ ಹಿಡಿದರು.

ಅವರ ಇನ್ನೊಂದು ಕೈ, ಅವರಿಗೇ ತಿಳಿಯದಂತೆ, ಹಣೆಯ ವಿಭೂತಿಯನ್ನು ಮುಟ್ಟಿತು.